ರೋಗಕ್ಕೊಂದು ಊರು, ಲಸಿಕೆಗೊಂದು ಊರು

ರಾಣಿಖೇತ್ ಹಿಮಾಲಯದ ಕುಮಾವೂಂ ಸೀಮೆಯ ಚೆಲುವಾದ ಗಿರಿಪಟ್ಟಣ. ಆದರೆ ಕೋಳಿ ಸಾಕುವವರಿಗೆ ಆ ಹೆಸರು ಕೇಳಿದೊಡನೆ ನೆನಪಾಗುವುದು ಸಾವು. 1926ರಲ್ಲಿ ಜಾವಾದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ಲಿನಲ್ಲಿಯೂ ಕೋಳಿಗಳನ್ನು ಹಿಂಡುಹಿಂಡಾಗಿ ಕೊಂದ ವೈರಸ್ ವ್ಯಾಧಿಯು ಮರುವರ್ಷವೇ ರಾಣಿಖೇತಿನಲ್ಲಿ ಕಾಣಿಸಿಕೊಂಡಿತು. ಅಲ್ಲಿ ಅದು ನ್ಯೂಕ್ಯಾಸಲ್ ರೋಗವೆನಿಸಿತು; ಭಾರತದಲ್ಲಿ ರಾಣಿಖೇತ್ ರೋಗ. ನಮ್ಮ ಹಳ್ಳಿಗರು ಮಾತ್ರ ಯಾವ ಊರನ್ನೂ ದೂರದೆ ಕೊಕ್ಕರೆ ರೋಗವೆಂದರು.

ಉಸಿರಿಗಾಗಿ ಬಾಯ್ದೆರೆದು, ಹಸಿರಾಗಿ ಭೇದಿಯಾಗಿ, ಕತ್ತು ತಿರುಚಿ ಬೀಳುವ ಕೋಳಿಯನ್ನು ಗುಣಪಡಿಸುವ ಔಷಧವಿಲ್ಲ. ಮುಂಚಿತವಾಗಿ ಹಾಕಿಸಿದ ಲಸಿಕೆಯೇ ರಕ್ಷೆ. ವೈರಸ್ಸನ್ನು ಕೋಳಿಮೊಟ್ಟೆಯಲ್ಲಿ ಮತ್ತೆ ಮತ್ತೆ ಬೆಳೆಸಿ, ಅದರ ಉಗ್ರತೆಯನ್ನು ತಗ್ಗಿಸಿ, 1940ರ ದಶಕದಲ್ಲಿ ಅಂಥದೊಂದು ಲಸಿಕೆಯನ್ನು ಸಿದ್ಧಪಡಿಸಿದ್ದು ಅದೇ ಕುಮಾವೂಂ ಬೆಟ್ಟಗಳ ಮುಕ್ತೇಶ್ವರದ ಸಂಶೋಧನಾಲಯ. ಆ ಲಸಿಕೆಯ ತಳಿಗೆ ಮುಕ್ತೇಶ್ವರವೆಂದೇ ಹೆಸರು.

ರೋಗದ ಹೆಸರು ಎಲ್ಲರ ಬಾಯಲ್ಲಿದೆ. ಹಿತ್ತಲಿನ ನಾಲ್ಕು ಕೋಳಿಗಳನ್ನೇ ನಂಬಿದ ಬಡ ಮುದುಕಿಗೆ ಮುಟ್ಟಬೇಕಾದದ್ದು ಲಸಿಕೆ.