ಹಳೆ ಟ್ರ್ಯಾಕ್ಟರಿನ ಡೈನಮೋ ಮತ್ತು ಅದರ ಚರಿತ್ರೆ

ನಾನು ಏಳನೇ ಕ್ಲಾಸು ಓದಿದವ. ಕರೆಂಟಿನ ಶಾಸ್ತ್ರ ಹೇಳಲಿಕ್ಕೆ ಮಾಸ್ಟ್ರಲ್ಲ. ಆದರೂ ಮೊಗ್ರಾಲಿನ ನಮ್ಮ ಗದ್ದೆಗೆ ಬರುತ್ತಿದ್ದ ಒಂದು ಹಳೆ ಟ್ರ್ಯಾಕ್ಟರು ನನಗೊಂದು ಪಾಠ ಕಲಿಸಿತು. ಯಂತ್ರದ ಚರಿತ್ರೆ ಗೊತ್ತಿಲ್ಲದಿದ್ದರೆ ರಿಪೇರಿಯೂ ತಪ್ಪುತ್ತದೆ.

1831ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆಯವರು ತಂತಿ ಸುರುಳಿಯೊಳಗೆ ಆಯಸ್ಕಾಂತ ಆಡಿಸಿ ಕರೆಂಟು ಹುಟ್ಟಿಸಿ ತೋರಿಸಿದರು. 1866ರಲ್ಲಿ ಜರ್ಮನಿಯ ವೆರ್ನರ್ ಸೀಮೆನ್ಸರು ಇನ್ನೊಂದು ಉಪಾಯ ಕಂಡರು. ದೊಡ್ಡ ಆಯಸ್ಕಾಂತ ಬೇಡ, ಕಬ್ಬಿಣದಲ್ಲಿ ಉಳಿದ ಚೂರು ಕಾಂತಶಕ್ತಿ ಸಾಕು. ಅದರಿಂದ ಸ್ವಲ್ಪ ಕರೆಂಟು, ಆ ಕರೆಂಟಿನಿಂದ ಇನ್ನಷ್ಟು ಕಾಂತಶಕ್ತಿ, ಹೀಗೆ ಏರುತ್ತಾ ಹೋಗುತ್ತದೆ. ನಾಟಿಯ ಹಾಡೂ ಹಾಗೆಯೇ, ಮೊದಲ ಸೊಲ್ಲು ನೆನಪಿದ್ದರೆ ಉಳಿದದ್ದು ತಾನಾಗಿ ಬರುತ್ತದೆ. ಆದರೆ ಆ ಚೂರು ಶಕ್ತಿಗೆ ಒಂದು ದಿಕ್ಕು ಉಂಟು. ಅದು ತಿರುಗಿದರೆ ಪ್ಲಸ್ಸು ಮೈನಸ್ಸಾಗುತ್ತದೆ.

ಈಗಿನ ಗಾಡಿಗಳಲ್ಲಿ ಬ್ಯಾಟರಿಯ ಮೈನಸ್ ತಂತಿಯನ್ನು ಬಾಡಿಗೆ ಕೊಡುತ್ತಾರೆ. ಆದರೆ 1960ರ ದಶಕದ ನಡುವಿನ ತನಕ ಇಂಗ್ಲೆಂಡಿನ ಬಹಳಷ್ಟು ಗಾಡಿಗಳಲ್ಲಿ ಪ್ಲಸ್ಸೇ ಬಾಡಿಗೆ. ನಮ್ಮ ದೇಶದಲ್ಲಿ ಲ್ಯೂಕಾಸ್-ಟಿವಿಎಸ್ ಕಂಪೆನಿ ಮದರಾಸಿನಲ್ಲಿ ಶುರುವಾದದ್ದೇ 1961ರಲ್ಲಿ. ನಮ್ಮ ಗದ್ದೆಯ ಟ್ರ್ಯಾಕ್ಟರು ಆ ಇಂಗ್ಲಿಷ್ ಪದ್ಧತಿಯದ್ದು.

ಒಂದು ಮಳೆಗಾಲದ ಆರಂಭದಲ್ಲಿ ಹೊಸ ಹುಡುಗನೊಬ್ಬ ಬ್ಯಾಟರಿ ಚಾರ್ಜು ಮಾಡಿಸಿ ತಂದು ಈಗಿನ ರೂಢಿಯಂತೆ ಮೈನಸ್ಸನ್ನು ಬಾಡಿಗೆ ಕೊಟ್ಟ. ಮೂರೇ ದಿನದಲ್ಲಿ ಬ್ಯಾಟರಿ ಇಳಿಯಿತು. ವರ್ಕ್‌ಶಾಪಿನವರು "ಡೈನಮೋ ಸತ್ತಿದೆ, ಹೊಸತು ಹಾಕಬೇಕು" ಅಂದರು. ಉಳುವ ಹೊತ್ತು, ಕೈಯಲ್ಲಿ ದುಡ್ಡಿಲ್ಲ. ಆಗ ಬಂದವರು ನಾವು 'ಇಚ್ಚ' ಎಂದು ಕರೆಯುವ ಮುದಿ ಡ್ರೈವರು.

ಇಚ್ಚ ಮೊದಲು ಫ್ಯಾನ್ ಬೆಲ್ಟು ಒತ್ತಿ ನೋಡಿದರು, ಸಡಿಲ ಇರಲಿಲ್ಲ. ಬ್ರಷ್ ಸವೆದಿರಲಿಲ್ಲ. ಡೈನಮೋದ ಡಿ, ಎಫ್ ಎರಡೂ ತಂತಿ ಬಿಚ್ಚಿ, ಆ ಎರಡು ತುದಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿ, ಅಲ್ಲಿಂದ ಬಾಡಿಗೆ ವೋಲ್ಟ್ ಮೀಟರ್ ಹಿಡಿದು ಇಂಜಿನನ್ನು ನಿಧಾನ ಓಡಿಸಿದರು.

"ಒಂದು ವೋಲ್ಟಿನ ಹತ್ತಿರ ನಿಂತರೆ ಫೀಲ್ಡ್ ಕಾಯಿಲ್ ಹೋಗಿದೆ, ನಾಲ್ಕೈದರಲ್ಲಿ ನಿಂತರೆ ಆರ್ಮೇಚರ್ ಹೋಗಿದೆ ಅಂತ ತಿಳ್ಕೊಳ್ಳಿ" ಅಂದರು.

ಮುಳ್ಳು ನಿಲ್ಲಲೇ ಇಲ್ಲ, ಹಿಂದಕ್ಕೆ ಓಡಿತು!

"ಇದಕ್ಕೆ ರೋಗ ಎಂತದೂ ಇಲ್ಲ ಮಾರಾಯ್ರೆ. ನೀವು ಬ್ಯಾಟರಿ ತಿರುಗಿಸಿದ್ದೀರಿ."

ಡೈನಮೋ ಒಂದು ದಿಕ್ಕು, ಬ್ಯಾಟರಿ ಇನ್ನೊಂದು ದಿಕ್ಕು ಆದ್ದರಿಂದ ಕಟೌಟಿನ ಪಾಯಿಂಟು ಸುಟ್ಟು ಕಪ್ಪಾಗಿತ್ತು. ಬ್ಯಾಟರಿ ತಂತಿ ಬಿಚ್ಚಿಟ್ಟು ಪಾಯಿಂಟನ್ನು ನಯವಾದ ಪಾಲಿಶ್ ಕಾಗದದಲ್ಲಿ ಉಜ್ಜಿದರು. ಮತ್ತೆ ಪ್ಲಸ್ಸನ್ನು ಬಾಡಿಗೆ ಕೊಟ್ಟರು. ಆಂಪಿಯರ್ ಮೀಟರಿನ ಮುಳ್ಳು ಚಾರ್ಜಿನ ಕಡೆಗೆ ಬಂತು. ಸಂಜೆಯೊಳಗೆ ಗದ್ದೆ ಉತ್ತಾಯಿತು.

ಆ ದಿನ ಬ್ಯಾಟರಿ ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ 'ಪ್ಲಸ್ ಬಾಡಿಗೆ' ಎಂದು ಬರೆದೆವು. ಇಚ್ಚ ಈಗ ಇಲ್ಲ. ಹಳೆ ಯಂತ್ರ ಇರುವವರು ಅದರ ರೀತಿಯನ್ನು ಹೀಗೆ ಎಲ್ಲಾದರೂ ಬರೆದಿಡಿ. ಗೊತ್ತಿದ್ದವರು ಹೋದ ಮೇಲೆ ಕೇಳಲಿಕ್ಕೆ ಯಾರೂ ಇರುವುದಿಲ್ಲ.