ಉಸಿರಿತ್ತ ಕೈಗಳು

ವಿಪತ್ಕಾಲದಲ್ಲಿ ಆಸ್ಪತ್ರೆಯೊಂದು ರೂಢಿಯ ಕ್ರಮವನ್ನು ತೊರೆದು ನೂತನ ಮಾರ್ಗವನ್ನು ಹಿಡಿದ ನಿದರ್ಶನಗಳಲ್ಲಿ ಡೆನ್ಮಾರ್ಕಿನ ಬ್ಲೆಗ್ಡಾಮ್ ಆಸ್ಪತ್ರೆಯದು ಚಿರಸ್ಮರಣೀಯವಾದುದು. 1952ರಲ್ಲಿ ಕೋಪನ್‌ಹೇಗನ್ ನಗರವನ್ನು ಪೋಲಿಯೋ ಪಿಡುಗು ಆವರಿಸಿತು. ಉಸಿರಾಟದ ಶಕ್ತಿಯೇ ಉಡುಗಿದವರಿಗೆ ಅಲ್ಲಿದ್ದ ಆಧಾರವೆಂದರೆ ಒಂದು ಉಕ್ಕಿನ ಶ್ವಾಸಯಂತ್ರ ಹಾಗೂ ಎದೆಗೆ ತೊಡಿಸುವ ಆರು ಕವಚಯಂತ್ರಗಳು ಮಾತ್ರ. ಮೊದಲ ಮೂರು ವಾರಗಳಲ್ಲಿ ಇವುಗಳ ನೆರವು ಪಡೆದ 31 ಮಂದಿಯಲ್ಲಿ 27 ಮಂದಿ ಅಸುನೀಗಿದರು.

ಮುಖ್ಯವೈದ್ಯ ಲಾಸೆನ್ ಅವರು ಸಹೋದ್ಯೋಗಿಯೊಬ್ಬರ ಮಾತಿಗೆ ಕಿವಿಗೊಟ್ಟು, ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಅವರನ್ನು ಬರಮಾಡಿಕೊಂಡರು. ಆಗಸ್ಟ್ 27ರಂದು ಇಬ್ಸೆನ್ ಅವರು ಮರಣೋನ್ಮುಖಳಾಗಿದ್ದ ಹನ್ನೆರಡರ ಬಾಲಕಿಯ ಕೊರಳಿನಲ್ಲಿ ಮಾಡಿದ ರಂಧ್ರದ ಮೂಲಕ ನಳಿಕೆಯನ್ನಿಳಿಸಿ, ರಬ್ಬರಿನ ಚೀಲವನ್ನು ಕೈಯಿಂದಲೇ ಒತ್ತಿ ಉಸಿರು ನೀಡಿದರು. ಬಾಲಕಿ ಬದುಕಿದಳು.

ಆದರೆ ಅಷ್ಟೊಂದು ರೋಗಿಗಳಿಗೆ ಹಗಲಿರುಳೂ ಚೀಲವನ್ನೊತ್ತುವವರು ಯಾರು? ಯಂತ್ರಗಳಿಲ್ಲದೆಡೆ ಮನುಷ್ಯರೇ ಮುಂದೆ ಬಂದರು. ಸುಮಾರು 1,500 ವಿದ್ಯಾರ್ಥಿಗಳು ಸರದಿಯ ಮೇಲೆ ರೋಗಿಗಳ ತಲೆದೆಸೆಯಲ್ಲಿ ಕುಳಿತರು; ಏಕಕಾಲಕ್ಕೆ 70 ರೋಗಿಗಳವರೆಗೆ ಈ ಸೇವೆ ಸಂದಿತು. ಪೋಲಿಯೋ ಲಸಿಕೆ ಇನ್ನೂ ಬಳಕೆಗೆ ಬಂದಿರದ ಆ ಕಾಲದಲ್ಲಿ ಅವರ ಪ್ರಾಣಕ್ಕೂ ಭರವಸೆಯಿರಲಿಲ್ಲ ಎಂಬುದನ್ನು ಮರೆಯಲಾಗದು. ನೂರಕ್ಕೆ 87ರಷ್ಟಿದ್ದ ಮರಣಪ್ರಮಾಣವು ಕ್ರಮೇಣ 25ರ ಸಮೀಪಕ್ಕಿಳಿಯಿತು.

1953ರಲ್ಲಿ ಇಬ್ಸೆನ್ ಅವರು ಅದೇ ನಗರದ ಮುನಿಸಿಪಲ್ ಆಸ್ಪತ್ರೆಯಲ್ಲಿ ವಿಷಮಸ್ಥಿತಿಯ ರೋಗಿಗಳಿಗಾಗಿ ಪ್ರತ್ಯೇಕ ವಿಭಾಗವನ್ನು ತೆರೆದರು. 2020ರ ಕೊರೋನಾ ಕಾಲದಲ್ಲಿ ಜಗತ್ತು ಹಂಬಲಿಸಿದ ತೀವ್ರ ನಿಗಾ ಘಟಕದ ಮೂಲ ಅಲ್ಲಿದೆ. ಯಂತ್ರಕ್ಕೂ ಮೊದಲು ಆ ಕಾರ್ಯವನ್ನು ನಡೆಸಿದವು ದಣಿಯದ ಕೈಗಳೆಂಬುದೇ ಈ ಇತಿಹಾಸದ ಸಾರ.