ಉರುಳಿಬಿದ್ದ ದೊಡ್ಡ ಮರಗಳ ತೆರವು: ಚೈನ್‌ಸಾ ಬಾರ್ ಮತ್ತು ಚೈನ್ ಆಯ್ಕೆ ಕುರಿತು ಮಾಹಿತಿ

ಬೇಸಿಗೆಯ ಕೊನೆಯಲ್ಲಿ ಹಾಗೂ ಮುಂಗಾರಿನ ಆರಂಭದಲ್ಲಿ ಬೀಸುವ ಬಿರುಗಾಳಿಗೆ ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳಲ್ಲಿ ಬೇವು, ಹುಣಸೆ, ಆಲ ಮುಂತಾದ ಹಳೆಯ ಮರಗಳು ಬುಡಸಮೇತ ಉರುಳಿ ಸಂಚಾರಕ್ಕೆ ಅಡ್ಡಿಯಾಗುವುದುಂಟು. ಇವುಗಳ ತೆರವಿಗೆ ಚೈನ್‌ಸಾ ಬಳಸುವ ಪಂಚಾಯಿತಿಗಳು, ಗುತ್ತಿಗೆದಾರರು ಹಾಗೂ ರೈತರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ದೊಡ್ಡ ಮರಕ್ಕೆ ಅತಿ ಉದ್ದದ ಬಾರ್ ಬೇಕೆಂಬ ಭಾವನೆ ಸಾಮಾನ್ಯವಾಗಿದ್ದು, ಅದು ಸರಿಯಲ್ಲ.

ಬಾರ್‌ನ ಉದ್ದ

ಯಂತ್ರದ ಮುಂಭಾಗದಿಂದ ಬಾರ್‌ನ ತುದಿಯವರೆಗೆ ಹೊರಗೆ ಕಾಣುವ ಭಾಗವೇ ಕೆಲಸಕ್ಕೆ ಬರುವ ಉದ್ದ. ಮರದ ಸುತ್ತಳತೆಯನ್ನು 3.14ರಿಂದ ಭಾಗಿಸಿದರೆ ವ್ಯಾಸ ದೊರೆಯುತ್ತದೆ. 220 ಸೆಂ.ಮೀ. ಸುತ್ತಳತೆಯ ಬೇವಿನ ವ್ಯಾಸ ಸುಮಾರು 70 ಸೆಂ.ಮೀ. ಇದನ್ನು ಒಂದೇ ಬದಿಯಿಂದ ಕತ್ತರಿಸಲು 30 ಅಂಗುಲದ ಬಾರ್ ಹಾಗೂ ಸುಮಾರು 90 ಸಿ.ಸಿ. ಯಂತ್ರ ಬೇಕಾಗುತ್ತದೆ. ಎರಡೂ ಬದಿಯಿಂದ ಕತ್ತರಿಸುವುದಾದರೆ 60–70 ಸಿ.ಸಿ. ಯಂತ್ರಕ್ಕೆ ಅಳವಡಿಸಿದ 20 ಅಂಗುಲದ ಬಾರ್ ಸಾಕು. ಆಲದ ಬೊಡ್ಡೆ ದುಂಡಗಿರುವುದಿಲ್ಲವಾದ್ದರಿಂದ ಅದರ ಅಗಲವನ್ನು ನೇರವಾಗಿ ಅಳೆಯುವುದು ಉತ್ತಮ. 50 ಸಿ.ಸಿ. ಯಂತ್ರಕ್ಕೆ 16ರಿಂದ 18 ಅಂಗುಲ ಸೂಕ್ತ. ಸಣ್ಣ ಯಂತ್ರಕ್ಕೆ ಉದ್ದನೆಯ ಬಾರ್ ಹಾಕಿದಲ್ಲಿ ಚೈನ್‌ನ ವೇಗ ಕುಗ್ಗಿ, ಎಣ್ಣೆ ತುದಿಯವರೆಗೆ ತಲುಪದೆ, ಬಾರ್ ಕಾದು ಹಾಳಾಗುತ್ತದೆ. ತಯಾರಕರ ಕೈಪಿಡಿಯಲ್ಲಿ ನಮೂದಿಸಿದ ಗರಿಷ್ಠ ಉದ್ದವನ್ನು ಮೀರತಕ್ಕದ್ದಲ್ಲ.

ಖರೀದಿಸುವಾಗ ನಮೂದಿಸಬೇಕಾದ ವಿವರ

ಪಿಚ್, ಗೇಜ್ ಮತ್ತು ಡ್ರೈವ್ ಲಿಂಕ್‌ಗಳ ಸಂಖ್ಯೆ ಹೊಂದದಿದ್ದರೆ ಚೈನ್ ಕೂರುವುದಿಲ್ಲ. ಅಕ್ಕಪಕ್ಕದ ಮೂರು ರಿವೆಟ್‌ಗಳ ನಡುವಿನ ಅಂತರದ ಅರ್ಧವೇ ಪಿಚ್. ಇದು ಸ್ಪ್ರಾಕೆಟ್‌ಗೂ ಹೊಂದಿಕೆಯಾಗಬೇಕು. ಗೇಜ್ ಎಂದರೆ ಬಾರ್‌ನ ಗಾಡಿಯಲ್ಲಿ ಓಡುವ ಡ್ರೈವ್ ಲಿಂಕ್‌ನ ದಪ್ಪ. ಈ ಅಂಕಿಗಳು ಸಾಮಾನ್ಯವಾಗಿ ಬಾರ್‌ನ ಮೇಲೆಯೇ ಅಚ್ಚಾಗಿರುತ್ತವೆ. ಬೇಡಿಕೆ ಪಟ್ಟಿಯಲ್ಲಿ "ದೊಡ್ಡ ಚೈನ್ – 1" ಎಂದಷ್ಟೇ ಬರೆದರೆ ದರಪಟ್ಟಿಗಳನ್ನು ಹೋಲಿಸಲು ಸಾಧ್ಯವಿಲ್ಲ. ಬಂದ ವಸ್ತು ಯಂತ್ರಕ್ಕೆ ಹೊಂದದಿದ್ದರೆ ಹಿಂದಿರುಗಿಸಲು ಆಧಾರವೂ ಇರುವುದಿಲ್ಲ. ಬದಲಾಗಿ "20 ಅಂಗುಲ, ಪಿಚ್ 3/8, ಗೇಜ್ 1.5 ಮಿ.ಮೀ., ಡ್ರೈವ್ ಲಿಂಕ್ 72, ಸೆಮಿ ಚಿಸೆಲ್" ಎಂಬಂತೆ ತಮ್ಮ ಯಂತ್ರದ ವಿವರವನ್ನು ಪೂರ್ಣವಾಗಿ ಬರೆಯತಕ್ಕದ್ದು.

ಹಲ್ಲಿನ ವಿಧ

ನಮ್ಮ ಭಾಗದಲ್ಲಿ ಹೆಚ್ಚು ಗಮನ ಕೊಡಬೇಕಾದ ಅಂಶವಿದು. ಚೂಪು ಮೂಲೆಯ ಫುಲ್ ಚಿಸೆಲ್ ಹಲ್ಲು ಶುಚಿಯಾದ ಮರವನ್ನು ವೇಗವಾಗಿ ಕತ್ತರಿಸುತ್ತದೆ, ಆದರೆ ಮಣ್ಣು ತಾಗಿದೊಡನೆ ಮೊಂಡಾಗುತ್ತದೆ. ಮೂಲೆ ದುಂಡಗಿರುವ ಸೆಮಿ ಚಿಸೆಲ್ ತುಸು ನಿಧಾನವಾದರೂ ಹೆಚ್ಚು ಹೊತ್ತು ಬಾಳುತ್ತದೆ. ಬೀದರ್ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದ್ದು, ಇಲ್ಲಿ ಬಿದ್ದ ಮರದ ಬುಡಕ್ಕೆ ಕೆಂಪು ಗರಸು ಅಂಟಿರುತ್ತದೆ. ಭಾಲ್ಕಿ, ಔರಾದ್ ಕಡೆ ಎರೆಮಣ್ಣು ತೊಗಟೆಯ ಬಿರುಕುಗಳಲ್ಲಿ ಒಣಗಿ ಗಟ್ಟಿಯಾಗುತ್ತದೆ. ಹುಣಸೆ ಮತ್ತು ಜಾಲಿ ಸ್ವತಃ ಗಟ್ಟಿ ಮರಗಳು. ಆದ್ದರಿಂದ ತೆರವು ಕಾರ್ಯಕ್ಕೆ ಸೆಮಿ ಚಿಸೆಲ್ ಆಯ್ಕೆಯೇ ಲೇಸು. ಕಾರ್ಬೈಡ್ ಹಲ್ಲಿನ ಚೈನ್ ಬಹಳ ದುಬಾರಿ. ಅದನ್ನು ಸಾಮಾನ್ಯ ಅರದಿಂದ ಹರಿತಗೊಳಿಸಲಾಗದು.

ಕತ್ತರಿಸುವ ಜಾಗದ ಮಣ್ಣನ್ನು ಮೊದಲು ಕೊಡಲಿಯಿಂದ ಕೆರೆದು ತೆಗೆಯಬೇಕು. ರಸ್ತೆ ಬದಿಯ ಮರಗಳಲ್ಲಿ ಫಲಕಗಳಿಗೆ ಹೊಡೆದ ಮೊಳೆಗಳು, ಹೊಲದ ಬದುವಿನ ಮರಗಳಲ್ಲಿ ತಂತಿ ಹುದುಗಿರುವ ಸಾಧ್ಯತೆ ಇದೆ. ಹೊಟ್ಟಿನ ಬದಲು ನುಣ್ಣನೆಯ ಪುಡಿ ಉದುರಲಾರಂಭಿಸಿದರೆ ಹಲ್ಲು ಮೊಂಡಾಗಿದೆ ಎಂದರ್ಥ. 3/8 ಪಿಚ್‌ಗೆ ಸಾಮಾನ್ಯವಾಗಿ 5.5 ಮಿ.ಮೀ., 0.325 ಪಿಚ್‌ಗೆ 4.8 ಮಿ.ಮೀ. ದುಂಡು ಅರ ಬಳಸಲಾಗುತ್ತದೆ. ಸ್ಥಳಕ್ಕೆ ಎರಡು ಚೈನ್ ಒಯ್ಯುವುದು ಅನುಕೂಲ.

ಎಚ್ಚರಿಕೆ

ಬಾರ್‌ನ ತುದಿಯ ಮೇಲ್ಭಾಗ ಮರಕ್ಕೆ ತಗುಲಿದರೆ ಯಂತ್ರ ಕ್ಷಣಾರ್ಧದಲ್ಲಿ ಮುಖದತ್ತ ಚಿಮ್ಮುತ್ತದೆ. ಕೊಂಬೆಗಳ ನಡುವೆ ಉದ್ದದ ಬಾರ್‌ನ ತುದಿ ಕಣ್ಣಿಗೆ ಬೀಳದಿರುವುದರಿಂದ ಈ ಅಪಾಯ ಹೆಚ್ಚು. ಬಾಗಿ ನಿಂತ ಕಾಂಡವನ್ನು ಮೊದಲು ಒತ್ತಡವಿರುವ ಬದಿಯಲ್ಲಿ ಸ್ವಲ್ಪ ಕೊಯ್ದು, ನಂತರ ಎದುರು ಬದಿಯಿಂದ ಕತ್ತರಿಸಬೇಕು. ಇಲ್ಲವಾದಲ್ಲಿ ಬಾರ್ ಸಿಲುಕಿಕೊಳ್ಳುತ್ತದೆ. ಕಾಂಡವನ್ನು ಬೇರ್ಪಡಿಸಿದಾಗ ಬೇರಿನ ಗಡ್ಡೆ ಮರಳಿ ಗುಂಡಿಗೆ ಬೀಳಬಹುದಾದ್ದರಿಂದ, ಆ ಗುಂಡಿಯಲ್ಲಿ ಮಕ್ಕಳಾಗಲಿ ಕೆಲಸಗಾರರಾಗಲಿ ನಿಲ್ಲತಕ್ಕದ್ದಲ್ಲ. ವಿದ್ಯುತ್ ತಂತಿ ಸಿಲುಕಿದ್ದರೆ ಜೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ, ವಿದ್ಯುತ್ ಕಡಿತಗೊಂಡಿರುವುದು ಖಚಿತವಾಗುವವರೆಗೆ ಯಾರೂ ಮರದ ಹತ್ತಿರ ಹೋಗಬಾರದು.

ಖಾಸಗಿ ಜಮೀನಿನಲ್ಲಿ ಬಿದ್ದ ಮರಕ್ಕೂ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಅನ್ವಯ ಅನುಮತಿಯ ಅಗತ್ಯದ ಬಗ್ಗೆ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸುವುದು. ಗಾಳಿಗೆ ಬಿದ್ದ ಮರಕ್ಕೆ ಅನುಮತಿ ನಿರಾಕರಿಸುವಂತಿಲ್ಲ. ರಸ್ತೆ ಬದಿಯ ಸರ್ಕಾರಿ ಮರದ ದಿಮ್ಮಿಗಳು ಕತ್ತರಿಸಿದವರ ಸ್ವತ್ತಾಗುವುದಿಲ್ಲ.